ನೀಲಿ ಹಾಕೋಕೆ ಟೈಮಿಲ್ವಾ ಡಾಕ್ಟ್ರೇ?

ಕೊಲೊನೋಸ್ಕೋಪಿಗೆ ಮೊದಲು ಕುಡಿಸೋ ಔಷಧಿಯ ಹೆಸರು ಪೆಗ್. ಶುಕ್ರವಾರ ಸಂಜೆಯ ಪೆಗ್ ಅಲ್ಲ, ಪಾಲಿಎಥಿಲೀನ್ ಗ್ಲೈಕಾಲ್. ಎರಡು ಲೀಟರ್ ಒಳಗಿಳಿಸಿ, ರಾತ್ರಿಯೆಲ್ಲ ಟಾಯ್ಲೆಟ್ಟಿಗೂ ಮಂಚಕ್ಕೂ ಓಡಾಡಿ, ಆಫೀಸಿಗೆ ರಜೆ ಹಾಕಿ ಹೋಗಿ ಮಲಗಿದೆ. ಹದಿನೈದೇ ನಿಮಿಷಕ್ಕೆ ಹೊರಗೆ ತಂದರು ಅಂತ ಆಚೆ ಕೂತಿದ್ದ ಹೆಂಡತಿ ಹೇಳಿದ್ಲು. "ಎಲ್ಲ ನಾರ್ಮಲ್, ಆರಾಮಾಗಿರಿ" ಅಂದ್ರು ಡಾಕ್ಟ್ರು.

ನಾನು ಕೇಳಿದ್ದು ಒಂದೇ. "ಸರ್, ಡೈ ಹಾಕಿ ನೋಡಿದ್ರಾ?"

ಅವರು ನಕ್ಕರು. "ಗೂಗಲ್ ಮಾಡ್ಕೊಂಡು ಬಂದಿದ್ದೀರಾ? ಅದೆಲ್ಲ ಇಲ್ಲಿ ಮಾಡಲ್ಲ. ಟೈಮ್ ಎಲ್ಲಿದೆ?"

ನನಗಿರೋದು ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನ ಒಳಪದರದ ಉರಿಯೂತ. ಒಂಬತ್ತು ವರ್ಷ ಆಯ್ತು. ಈ ರೋಗದವರಿಗೆ ಕರುಳಿನ ಕ್ಯಾನ್ಸರ್ ಭಯ ಜಾಸ್ತಿ. ಎಂಟು ವರ್ಷ ಆದ ಮೇಲೆ ಆಗಾಗ ಸ್ಕೋಪ್ ಹಾಕಿ ನೋಡ್ತಿರಬೇಕು ಅಂತ ವೈದ್ಯರ ಮಾರ್ಗಸೂಚಿಗಳೇ ಹೇಳ್ತವೆ. ಕಷ್ಟ ಇರೋದು ನೋಡೋದ್ರಲ್ಲೇ. ಬೇರೆಯವರಲ್ಲಿ ಸಾಮಾನ್ಯವಾಗಿ ಪಾಲಿಪ್ ಅನ್ನೋ ಗಂಟು ಎದ್ದು ಕಾಣುತ್ತೆ. ನಮ್ಮಂಥವರಲ್ಲಿ ಎಷ್ಟೋ ಸಲ ಅದು ಚಪ್ಪಟೆಯಾಗಿ, ಸುತ್ತಲಿನ ಬಣ್ಣದಲ್ಲೇ ಹರಡಿರುತ್ತೆ. ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಇದು ಗೊತ್ತು. ಪೈರಿನ ಥರಾನೇ ಇರೋ ಒಂದು ಹುಲ್ಲಿದೆ, ತೆನೆ ಬರೋವರೆಗೂ ಗುರುತು ಸಿಗಲ್ಲ. ಅಷ್ಟೊತ್ತಿಗೆ ಅದು ಗೊಬ್ಬರವೆಲ್ಲ ತಿಂದಾಗಿರುತ್ತೆ.

ಹಳೇ ಪದ್ಧತಿಯಲ್ಲಿ ಪ್ರತಿ 10 ಸೆಂಟಿಮೀಟರಿಗೆ ನಾಲ್ಕು ಕಡೆ ಚಿವುಟಿ, ಕಡೇಪಕ್ಷ 33 ಚೂರು ಲ್ಯಾಬಿಗೆ ಕಳಿಸಬೇಕು. ಅಷ್ಟು ಮಾಡಿದ್ರೂ ಪರೀಕ್ಷೆ ಆಗೋದು ಕರುಳಿನ ಒಳಮೈಯ ಶೇ. 1ಕ್ಕಿಂತ ಕಡಿಮೆ. ಕಣ್ಣು ಕಟ್ಕೊಂಡು ಗದ್ದೆಯ 33 ಕಡೆ ಕೈ ಹಾಕಿದಂಗೆ. ಇನ್ನೊಂದು ಪದ್ಧತಿ ಕ್ರೋಮೋಎಂಡೋಸ್ಕೋಪಿ. ಸ್ಕೋಪ್ ಒಳಗಿಂದಲೇ ಮಿಥಿಲೀನ್ ಬ್ಲೂ ಅಥವಾ ಇಂಡಿಗೋ ಕಾರ್ಮೈನ್ ಸಿಂಪಡಿಸ್ತಾರೆ. ನೀಲಿ ಬಣ್ಣಕ್ಕೆ ಒಳಪದರದ ಗೆರೆ, ಅಂಚು ಎಲ್ಲ ಎದ್ದು ಕಾಣುತ್ತೆ. ಅನುಮಾನ ಬಂದ ಕಡೆ ಚಿವುಟೋದು. ಮೆಕ್ಯಾನಿಕಲ್ ಓದಿದವರು ವೆಲ್ಡಿಂಗ್ ಬಿರುಕು ಹುಡುಕೋಕೆ ಡೈ ಹಾಕಿರ್ತೀರಿ. ಕಬ್ಬಿಣಕ್ಕೆ ಸಿಗೋ ಮರ್ಯಾದೆ ನನ್ನ ಕರುಳಿಗೆ ಬೇಡ್ವಾ?

ಇದೇನು ನಿನ್ನೆ ಮೊನ್ನೆಯ ಸಂಗತೀನೂ ಅಲ್ಲ. ಜರ್ಮನಿಯ ಮೈಂಟ್ಸ್‌ನಲ್ಲಿ ಮಿಥಿಲೀನ್ ಬ್ಲೂ ಹಾಕಿ ಮಾಡಿದ ಅಧ್ಯಯನ ಬಂದಿದ್ದು 2003ರಲ್ಲಿ. ನಮ್ಮೂರಿಗೆ ಆಗ ಮೊಬೈಲ್ ಟವರೇ ಬಂದಿರಲಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 2010ರಲ್ಲೇ ಇದನ್ನ ಶಿಫಾರಸು ಮಾಡ್ತು. 2015ರಲ್ಲಿ ಸೀನಿಕ್ ಅನ್ನೋ ಅಂತರರಾಷ್ಟ್ರೀಯ ತಜ್ಞರ ಒಮ್ಮತ ಬಂತು: ಹಳೇ ಸ್ಕೋಪ್ ಆದ್ರೆ ಡೈ ಹಾಕಿ, ಎಚ್‌ಡಿ ಸ್ಕೋಪ್ ಆದ್ರೂ ಹಾಕೋದು ಒಳ್ಳೇದು.

ಡಾಕ್ಟ್ರ ಪರವಾಗಿಯೂ ಮಾತಿದೆ, ಮುಚ್ಚಿಡಲ್ಲ. ಎಚ್‌ಡಿ ಬಂದ ಮೇಲೆ ಡೈ ಹಾಕೋದಕ್ಕೂ ಹಾಕದೆ ಇರೋದಕ್ಕೂ ವ್ಯತ್ಯಾಸ ಕಡಿಮೆಯಾಗಿದೆ. ಒಂದು ಬಟನ್ ಒತ್ತಿದ್ರೆ ಬೆಳಕಿನ ಬಣ್ಣವೇ ಬದಲಾಗೋ ಸ್ಕೋಪ್‌ಗಳಿವೆ, ಡೈ ಬದಲು ಅದೂ ನಡೆಯುತ್ತೆ ಅನ್ನೋ ತಜ್ಞರಿದ್ದಾರೆ. ಡೈಯಿಂದ ಸಾವು ಕಡಿಮೆಯಾಗುತ್ತೆ ಅಂತ ಸಾಬೀತಾಗಿಲ್ಲ ಅನ್ನೋದೂ ನಿಜ. "ಎಚ್‌ಡಿಯಲ್ಲಿ ನಿಧಾನಕ್ಕೆ ನೋಡಿದೀನಿ, ನಿಮಗೆ ಡೈ ಬೇಡ" ಅಂದಿದ್ರೆ ಕೈ ಮುಗಿದು ಬರ್ತಿದ್ದೆ. ಆದ್ರೆ "ಟೈಮ್ ಎಲ್ಲಿದೆ" ಅನ್ನೋದು ವೈದ್ಯಕೀಯ ಕಾರಣ ಅಲ್ಲ, ದಿನಕ್ಕೆ ಎಷ್ಟು ಸ್ಕೋಪಿ ಅನ್ನೋ ಲೆಕ್ಕ. ನನ್ನ ರಿಪೋರ್ಟಿನಲ್ಲಿ ಯಾವ ಸ್ಕೋಪ್ ಅಂತಿಲ್ಲ, ಕರುಳು ಎಷ್ಟು ಸ್ವಚ್ಛ ಇತ್ತು ಅಂತಿಲ್ಲ. ಚಿವುಟಿದ್ದು ಎರಡು ಚೂರು. ಹಳೇ ಪದ್ಧತೀನೂ ಇಲ್ಲ, ಹೊಸದೂ ಇಲ್ಲ!

ಊರಲ್ಲಿ ಅಪ್ಪನಿಗೆ ಹೇಳಿದ್ರೆ, "ಡಾಕ್ಟ್ರಿಗೆ ಎದುರು ಮಾತಾಡಬಾರದು ಕಣೋ" ಅಂದ್ರು. ಅವರ ಕಾಲಕ್ಕೆ ಅದು ಸರಿ. ಆದ್ರೆ ಯಾರದೋ ಇಪ್ಪತ್ತು ಸಾಲಿನ ಕೋಡಿಗೆ ಹನ್ನೆರಡು ರಿವ್ಯೂ ಕಾಮೆಂಟ್ ಹಾಕೋ ನಾವು, ನಮ್ಮದೇ ಹೊಟ್ಟೆಯ ರಿಪೋರ್ಟ್ ಓದದೆ ಫೈಲಿಗೆ ಸೇರಿಸ್ತೀವಲ್ಲ?

ಮುಂದಿನ ಸಲಕ್ಕೆ ಅಂತ ಈಗಲೇ ಮೂರು ಆಸ್ಪತ್ರೆಗೆ ಫೋನ್ ಮಾಡಿದೆ. ಒಂದು ಕಡೆ ರಿಸೆಪ್ಷನ್ ಹುಡುಗಿ "ಹೇರ್ ಡೈನಾ ಸರ್?" ಅಂದ್ಲು. ಎರಡನೇ ಕಡೆ ಲೈನ್ ಕಟ್ಟಾಯ್ತು. ಮೂರನೇ ಕಡೆ ಹತ್ತು ನಿಮಿಷ ಬಿಟ್ಟು ಡಾಕ್ಟ್ರೇ ವಾಪಸ್ ಮಾಡಿದ್ರು. "ಮಾಡ್ತೀವಿ, ಆದ್ರೆ ರೋಗ ಕಂಟ್ರೋಲಲ್ಲಿ ಇರ್ಬೇಕು, ಹೊಟ್ಟೆ ಪೂರ್ತಿ ಕ್ಲೀನಾಗಿ ಬರ್ಬೇಕು. ಪೆಗ್ ಅರ್ಧ ಚೆಲ್ಲಬೇಡಿ" ಅಂದ್ರು. ಅವರಿಗೆ ಹೇಗೆ ಗೊತ್ತಾಯ್ತೋ.