ಇಂಗ್ಲೀಷು ಕಲಿಸಲು ವಿದ್ಯೆ ಬೇಕೋ, ಹುಟ್ಟು ಬೇಕೋ?

ಪರದೇಶಗಳಲ್ಲಿ ಇಂಗ್ಲೀಷು ಪಾಠ ಹೇಳಲು ಉಪಾಧ್ಯಾಯರು ಬೇಕಾಗಿದ್ದಾರೆ ಎಂಬ ಜಾಹೀರಾತುಗಳು ಈಗ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಕೈಯಲ್ಲಿರುವ ಫೋನುಗಳಿಗೂ ಬಂದು ತಲಪುತ್ತಿವೆ. ಸಂಬಳ ಇಷ್ಟು, ಇರಲು ಮನೆ ಉಚಿತ, ವಿಮಾನದ ಟಿಕೇಟು ಉಚಿತ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಇಂಗ್ಲೀಷು ಮಾತೃಭಾಷೆಯಾಗಿರುವವರು ಮಾತ್ರ ಅರ್ಜಿ ಹಾಕತಕ್ಕದ್ದು. ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಹತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನಮ್ಮ ಹೆಣ್ಣುಮಗಳಿಗೆ ಆ ಒಂದು ಸಾಲಿನಿಂದ ಬಾಗಿಲು ಮುಚ್ಚುತ್ತದೆ. ಪದವಿಯೊಂದನ್ನು ಪಡೆದು, ಒಂದು ದಿನವೂ ತರಗತಿಯ ಮುಂದೆ ನಿಂತಿರದ ಬೇರೆ ದೇಶದ ಹುಡುಗನಿಗೆ ಅದೇ ಬಾಗಿಲು ತೆರೆಯುತ್ತದೆ.

ಮಿಲ್ಲಿನ ಕೆಲಸಗಾರರಿಗೂ ಅಂಗಡಿ ಇಟ್ಟುಕೊಂಡವರಿಗೂ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಓದುಗರ ಮನೆಗಳಲ್ಲಿಯೇ ಇಂದು ಇಂಗ್ಲೀಷಿನಲ್ಲಿ ಪದವಿ ಪಡೆದ ಮಕ್ಕಳಿದ್ದಾರೆ. ಆ ಪದವಿಗೆಂದು ತಾಯಿಯ ಬಳೆಗಳು ಗಿರವಿ ಅಂಗಡಿ ಸೇರಿವೆ, ತಂದೆಯ ಪ್ರಾವಿಡೆಂಟ್ ಫಂಡು ಕರಗಿದೆ. ಮುಂದೆ ಹೊರದೇಶಕ್ಕೆ ಕಳಿಸುತ್ತೇನೆಂದು ಹೇಳಿ ಬರುವ ದಲ್ಲಾಳಿಗೆ ಇನ್ನೂ ಸಾಲ ಮಾಡಿ ಹಣ ಕೊಡುವ ಮೊದಲು ಅಲ್ಲಿಯ ಲೆಕ್ಕವನ್ನು ತಿಳಿಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ದಕ್ಷಿಣ ಕೊರಿಯಾವನ್ನು ನೋಡೋಣ. ಅಲ್ಲಿ ಭಾಷಾ ಉಪಾಧ್ಯಾಯರಿಗೆ ಕೊಡುವ ವೀಸಾಕ್ಕೆ ಇ-೨ ಎಂದು ಹೆಸರು. ಇಂಗ್ಲೀಷು ಕಲಿಸಲು ಈ ವೀಸಾ ದೊರೆಯುವುದು ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತಕ್ಕೂ ಕೊರಿಯಾಕ್ಕೂ ಆದ ಆರ್ಥಿಕ ಒಪ್ಪಂದವು ೨೦೧೦ರ ಜನವರಿಯಲ್ಲಿ ಜಾರಿಗೆ ಬಂದಾಗ ನಮ್ಮವರಿಗೂ ಒಂದು ಕಿಂಡಿ ತೆರೆಯಿತು. ಆದರೆ ಆ ಕಿಂಡಿ ಎಷ್ಟು ಕಿರಿದೆಂಬುದನ್ನು ಗಮನಿಸಬೇಕು. ಏಳು ದೇಶಗಳವರಿಗೆ ಯಾವ ವಿಷಯದ ಪದವಿಯಾದರೂ ಸಾಕು. ಭಾರತೀಯರಿಗೆ ಪದವಿಯ ಜೊತೆಗೆ ಇಂಗ್ಲೀಷು ಕಲಿಸುವ ಉಪಾಧ್ಯಾಯರ ಅರ್ಹತಾಪತ್ರವೂ ಇರಬೇಕು. ಅಷ್ಟಿದ್ದರೂ ಕೆಲಸ ಶಾಲೆಯಲ್ಲಿ ಸಹಾಯಕರದು. ಹೆಚ್ಚು ಓದಿದವರನ್ನು ಕೆಳಗಿನ ಮಣೆಯಲ್ಲಿ ಕೂರಿಸುವ ಏರ್ಪಾಡು ಇದು.

ಥಾಯ್ಲೆಂಡಿನಲ್ಲಿ ರೀತಿ ಬೇರೆ. ಅಲ್ಲಿ ಫಿಲಿಪೈನ್ಸಿನ ಉಪಾಧ್ಯಾಯರು ದೊಡ್ಡ ಸಂಖ್ಯೆಯಲ್ಲಿ ಶಾಲೆಗಳನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಐಇಎಲ್‌ಟಿಎಸ್ ಅಥವಾ ಟೋಯಿಕ್ ಪರೀಕ್ಷೆಯ ಅಂಕಗಳನ್ನು ತೋರಿಸೆಂದು ಅವರನ್ನು ಕೇಳುತ್ತಾರೆ, ಇಂಗ್ಲೆಂಡಿನವನನ್ನು ಕೇಳುವುದಿಲ್ಲ. ಅದೇ ಶಾಲೆ, ಅದೇ ಪುಸ್ತಕ, ಅಷ್ಟೇ ಗಂಟೆಗಳ ದುಡಿಮೆ, ಆದರೂ ಅನೇಕ ಕಡೆ ಇಂಗ್ಲೆಂಡಿನವನ ಸಂಬಳ ಹೆಚ್ಚು, ಫಿಲಿಪೈನ್ಸಿನವಳ ಸಂಬಳ ಕಡಿಮೆ. ಕೊಲ್ಲಿಯ ನಗರಗಳಲ್ಲಿ ನಮ್ಮವರ ಅನುಭವವೂ ಇದಕ್ಕೆ ಸಮೀಪವಾದುದೇ. ಭಾರತದ ಪಠ್ಯಕ್ರಮ ನಡೆಸುವ ಶಾಲೆಗಳಲ್ಲಿ ನಮ್ಮ ಉಪಾಧ್ಯಾಯರು ಬೇಕಾದಷ್ಟಿದ್ದಾರೆ. ಬ್ರಿಟಿಷ್ ಪಠ್ಯಕ್ರಮದ ದುಬಾರಿ ಶಾಲೆಯ ಸಂಬಳಕ್ಕೂ ಇವರ ಸಂಬಳಕ್ಕೂ ಹೋಲಿಕೆಯಿಲ್ಲ.

ಮಿಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಗ್ಗದ ಮುಂದೆ ಖಾಯಂ ಕೆಲಸಗಾರನೂ ನಿಲ್ಲುತ್ತಾನೆ, ಬದಲಿ ಕೆಲಸಗಾರನೂ ನಿಲ್ಲುತ್ತಾನೆ. ನೇಯ್ದ ಬಟ್ಟೆಯಲ್ಲಿ ಯಾರ ಕೈ ಯಾವುದೆಂದು ಗುರುತು ಸಿಗುವುದಿಲ್ಲ, ಸಂಬಳದ ಚೀಟಿಯಲ್ಲಿ ಮಾತ್ರ ಸಿಗುತ್ತದೆ. ವ್ಯಾಪಾರಸ್ಥರಿಗೂ ಗೊತ್ತು: ಕೊಳ್ಳುವಾಗ ಒಂದು ತೂಕ, ಮಾರುವಾಗ ಒಂದು ತೂಕ ಇಟ್ಟವನನ್ನು ಊರು ಏನೆಂದು ಕರೆಯುತ್ತದೆ ಎಂಬುದು.

ಹಾಗಾದರೆ ಮಾತೃಭಾಷೆಯವನೇ ಉತ್ತಮ ಗುರು ಎಂಬ ನಂಬಿಕೆ ಬಂದದ್ದು ಎಲ್ಲಿಂದ? ೧೯೬೧ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಒಂದು ಸಮ್ಮೇಳನ ಸೇರಿತು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲ ಅದು. ಆಳುವ ಅಧಿಕಾರ ಕೈಬಿಟ್ಟರೂ ಭಾಷೆಯನ್ನು ಕಲಿಸುವ ಅಧಿಕಾರ ಯಾರಲ್ಲಿರಬೇಕೆಂಬ ಪ್ರಶ್ನೆ ಎದ್ದಿತ್ತು. ಆ ಸಮ್ಮೇಳನದಿಂದ ಗಟ್ಟಿಗೊಂಡ ನಂಬಿಕೆಗಳಲ್ಲಿ ಇದೂ ಒಂದೆಂದು ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು ೧೯೯೨ರಲ್ಲಿ ಭಾಷಾ ಸಾಮ್ರಾಜ್ಯಶಾಹಿಯನ್ನು ಕುರಿತು ಬರೆದ ಗ್ರಂಥದಲ್ಲಿ ತೋರಿಸಿ, ಅದನ್ನು ಭ್ರಮೆಯೆಂದು ಕರೆದರು. ಆ ಭ್ರಮೆಯಿಂದ ಲಾಭ ಯಾರಿಗೆಂದು ನೋಡಿದರೆ ಸಾಕು. ಪುಸ್ತಕ ಅವರದು, ಪರೀಕ್ಷೆ ಅವರದು, ಪರೀಕ್ಷೆಯ ಶುಲ್ಕ ಅವರದು, ಕೊನೆಗೆ ಉಪಾಧ್ಯಾಯನೂ ಅವರವನೇ.

ಹುಟ್ಟಿನಿಂದಲೇ ಒಬ್ಬನು ಕಲಿಸಲು ಅರ್ಹ, ಮತ್ತೊಬ್ಬನು ಎಷ್ಟು ಓದಿದರೂ ಅನರ್ಹ ಎಂಬ ಮಾತನ್ನು ನಮ್ಮ ದೇಶ ಮೊದಲ ಸಲ ಕೇಳುತ್ತಿಲ್ಲ. ಸಾವಿರಾರು ವರ್ಷ ಇದೇ ಮಾತನ್ನು ಹೇಳಿ ನಮ್ಮ ಹಿರಿಯರನ್ನು ಅಕ್ಷರದಿಂದ ದೂರವಿಟ್ಟರು. ಅಂದು ಜನಿವಾರ ನೋಡಿದರು, ಇಂದು ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ. ಬಣ್ಣ ನೋಡುವುದು ಪಾಸ್‌ಪೋರ್ಟಿಗೇ ನಿಲ್ಲುವುದಿಲ್ಲ. ಅರ್ಜಿಯ ಜೊತೆಗೆ ಭಾವಚಿತ್ರ ಕೇಳುವ ಶಾಲೆಗಳು ಬಹಳ. ಮುಖ ನೋಡಿ ವ್ಯಾಕರಣ ತಿಳಿಯುವ ವಿದ್ಯೆ ಯಾವುದೋ ನಾವು ಕಾಣೆವು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ನಮ್ಮ ಉಪಾಧ್ಯಾಯರಲ್ಲಿ ಉಚ್ಚಾರ ಸರಿಯಿಲ್ಲದವರಿದ್ದಾರೆ, ಪುಸ್ತಕವನ್ನು ಕನ್ನಡಕ್ಕೆ ತಿರುಗಿಸಿ ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಇಂಗ್ಲೀಷಿನಲ್ಲಿ ನಾಲ್ಕು ಮಾತು ಆಡಲು ಬೆವರುವವರೂ ಇದ್ದಾರೆ. ಇದು ನಿಜ. ಅಂಥವರನ್ನು ಪರೀಕ್ಷೆ ಮಾಡಿ ಹೊರಗಿಟ್ಟರೆ ನಮ್ಮ ತಕರಾರಿಲ್ಲ. ಆದರೆ ಪರೀಕ್ಷೆ ಎಲ್ಲರಿಗೂ ಇರಲಿ. ಮಾತನಾಡಬಲ್ಲವನೆಲ್ಲ ಕಲಿಸಬಲ್ಲವನಾಗುವುದಿಲ್ಲ. ಕನ್ನಡ ಮನೆಮಾತಾಗಿರುವ ನಮ್ಮಲ್ಲಿ ಎಷ್ಟು ಜನ ವಿಭಕ್ತಿ ಪ್ರತ್ಯಯವನ್ನು ಪರಭಾಷೆಯವನಿಗೆ ತಿಳಿಯುವಂತೆ ಹೇಳಬಲ್ಲೆವು? ಹಂಗೆರಿಯ ಪೀಟರ್ ಮೆಡ್‌ಗೆಶ್ ಅವರು ೧೯೯೪ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ: ಆ ಭಾಷೆಯನ್ನು ಕಷ್ಟಪಟ್ಟು ಕಲಿತವನಿಗೆ ಶಿಷ್ಯನು ಎಡವುವ ಜಾಗ ಮೊದಲೇ ಗೊತ್ತಿರುತ್ತದೆ, ಏಕೆಂದರೆ ಅವನೂ ಅಲ್ಲಿಯೇ ಎಡವಿದವನು.

ನಮ್ಮ ನೆಲದ ಒಂದು ನಿದರ್ಶನ ಹೇಳುತ್ತೇವೆ. ಬೆಂಗಳೂರಿನಲ್ಲಿ ೧೯೬೩ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲೀಷ್ ಸಂಸ್ಥೆ ಆರಂಭವಾಯಿತು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ಈ ಸಂಸ್ಥೆಯ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲಿನ ಆಶ್ರಯದಲ್ಲಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಸೂತ್ರ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ನಕ್ಷೆ ನೋಡಿ ದಾರಿ ಹುಡುಕುವುದು, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹೇಳುವುದು, ಇಂಥ ಕೆಲಸಗಳ ಮೂಲಕ ಮಕ್ಕಳು ಭಾಷೆಯನ್ನು ಹಿಡಿಯುವಂತೆ ಮಾಡಿದರು. ಬೆಂಗಳೂರು ಪ್ರಯೋಗವೆಂದು ಹೆಸರಾದ ಇದನ್ನು ಲಂಡನ್ನಿನಿಂದ ಟೋಕಿಯೋವರೆಗೆ ಇಂಗ್ಲೀಷು ಕಲಿಸಲು ತರಬೇತಾಗುವವರು ಇಂದಿಗೂ ಓದುತ್ತಾರೆ. ಪ್ರಭು ಅವರ ಪದ್ಧತಿಯನ್ನು ಓದಿಕೊಂಡು ಹೋದ ಇಂಗ್ಲೆಂಡಿನ ತರುಣನಿಗೆ ಕೊರಿಯಾದಲ್ಲಿ ಕೆಲಸ. ಪ್ರಭು ಅವರ ನಾಡಿನ ಉಪಾಧ್ಯಾಯಿನಿಗೆ ಸಹಾಯಕರ ಬೆಂಚು!

ನಮ್ಮವರು ಹೊರಗೆ ಹೋಗಿ ಕಲಿಸಿಯೇ ಇಲ್ಲವೇ? ೧೯೫೦, ೧೯೬೦ರ ದಶಕಗಳಲ್ಲಿ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಭಾರತದಿಂದ, ಅದರಲ್ಲಿಯೂ ಕೇರಳದಿಂದ, ಉಪಾಧ್ಯಾಯರನ್ನು ಕರೆಸಿಕೊಂಡು ಹಳ್ಳಿ ಪಟ್ಟಣಗಳ ಶಾಲೆಗಳನ್ನು ಕಟ್ಟಿತು. ಭೂತಾನದಲ್ಲಿಯೂ ಮಾಲ್ಡೀವ್ಸ್ ದ್ವೀಪಗಳಲ್ಲಿಯೂ ಒಂದು ತಲೆಮಾರು ಇಂಗ್ಲೀಷನ್ನು ಕಲಿತದ್ದು ಬಹುಮಟ್ಟಿಗೆ ಭಾರತೀಯರಿಂದ. ಆ ದೇಶಗಳಿಗೆ ಹಣ ಕಡಿಮೆಯಿದ್ದಾಗ ನಮ್ಮ ಇಂಗ್ಲೀಷು ಸಾಕಾಯಿತು. ಹಣವಿರುವಲ್ಲಿ ಮಾತ್ರ ಅದು ಸಾಲದಾಗುತ್ತದೆ.

ಈಗ ವ್ಯವಹಾರದ ಮಾತು. ಹೋಗಬೇಕೆನ್ನುವವರು ಕೈಯಲ್ಲಿ ಏನಿಟ್ಟುಕೊಳ್ಳಬೇಕು? ಮೊದಲನೆಯದು ಪದವಿ, ಅದಿಲ್ಲದೆ ಬಹುತೇಕ ದೇಶಗಳಲ್ಲಿ ಕಾನೂನುಬದ್ಧ ಕೆಲಸವಿಲ್ಲ. ಎರಡನೆಯದು ಬಿ.ಎಡ್. ಮೂರನೆಯದು, ಹೊರಗಿನವರು ಒಪ್ಪುವ ತರಬೇತಿಪತ್ರ. ಕೇಂಬ್ರಿಜ್‌ನ ಸೆಲ್ಟಾ ಎಂಬುದು ಇವುಗಳಲ್ಲಿ ಹೆಸರಾದದ್ದು. ಸುಮಾರು ೧೨೦ ಗಂಟೆಗಳ ತರಬೇತಿ. ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಹೇಳಿ ತೋರಿಸಬೇಕು. ವಾರದ ಕೊನೆಯಲ್ಲಿ ಎರಡು ದಿನ ಕೂತು, ಯಾವ ವಿದ್ಯಾರ್ಥಿಯ ಮುಖವನ್ನೂ ನೋಡದೆ ಪಡೆಯುವ ಅಗ್ಗದ ಸರ್ಟಿಫಿಕೇಟು ಗೋಡೆಗೆ ಚೆಂದ, ಕೆಲಸಕ್ಕೆ ಬಾರದು. ಐಇಎಲ್‌ಟಿಎಸ್ ಅಂಕಗಳು ಎರಡೇ ವರ್ಷ ಮಾನ್ಯ. ಆದ್ದರಿಂದ ಅರ್ಜಿ ಹಾಕುವ ಕಾಲ ನೋಡಿ ಪರೀಕ್ಷೆ ಕಟ್ಟಬೇಕು. ಪದವಿಪತ್ರಗಳಿಗೆ ಸರ್ಕಾರದ ದೃಢೀಕರಣ ಬೇಕು. ೨೦೦೫ರಿಂದ ಭಾರತವು ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಆ ಒಪ್ಪಂದದ ದೇಶಗಳಿಗೆ ಒಂದೇ ಮುದ್ರೆ ಸಾಕು. ಉಳಿದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ದಲ್ಲಾಳಿಗಳ ವಿಷಯದಲ್ಲಿ ಎಚ್ಚರ. ಪರದೇಶದ ಕೆಲಸಕ್ಕೆ ಜನ ಸೇರಿಸುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕೆಂದು ೧೯೮೩ರ ವಲಸೆ ಕಾಯಿದೆಯೇ ವಿಧಿಸಿತು. ನೋಂದಣಿಯ ಸಂಖ್ಯೆ ತೋರಿಸದವನಿಗೆ ಒಂದು ರೂಪಾಯಿಯನ್ನೂ ಕೊಡಕೂಡದು. ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲಿಯೇ ಸರಿಮಾಡಿಕೊಳ್ಳೋಣ ಎನ್ನುವವನನ್ನು ಮನೆಯ ಹೊಸ್ತಿಲು ದಾಟಿಸಬೇಡಿರಿ. ಹಾಗೆ ಹೋದವರಿಗೆ ಸಂಬಳ ತಪ್ಪಿದರೆ ಕೇಳುವ ಹಕ್ಕಿಲ್ಲ. ಪೊಲೀಸರು ಬಂದರೆ ಮಾಲೀಕನು ಗುರುತಿಸುವುದೂ ಇಲ್ಲ. ಈ ಕಸುಬು ಶಾಶ್ವತವೆಂದೂ ನಂಬಬಾರದು. ಚೀನಾ ಸರ್ಕಾರ ೨೦೨೧ರ ಜುಲೈನಲ್ಲಿ ಶಾಲಾ ವಿಷಯಗಳ ಲಾಭಕೋರ ಟ್ಯೂಷನ್ನನ್ನು ನಿಷೇಧಿಸಿ, ಪರದೇಶದಲ್ಲಿ ಕುಳಿತು ಅಲ್ಲಿಯ ಮಕ್ಕಳಿಗೆ ಪಾಠ ಹೇಳುವವರನ್ನು ನೇಮಿಸಿಕೊಳ್ಳಬಾರದೆಂದಿತು. ದೊಡ್ಡ ದೊಡ್ಡ ಕಂಪನಿಗಳು ತತ್ತರಿಸಿದವು. ಮಾತೃಭಾಷೆಯವರೂ ಕೆಲಸ ಕಳೆದುಕೊಂಡರು.

ಈ ಭೇದ ಅಲುಗದ ಬಂಡೆಯೇನೂ ಅಲ್ಲ. ಇಂಗ್ಲೀಷು ಕಲಿಸುವವರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್ ೧೯೯೧ರಲ್ಲಿಯೇ ಈ ರೀತಿಯ ನೇಮಕಾತಿಯನ್ನು ಖಂಡಿಸಿತು. ೧೯೯೮ರಲ್ಲಿ ಮಾತೃಭಾಷೆಯಲ್ಲದ ಉಪಾಧ್ಯಾಯರು ಅದರೊಳಗೇ ತಮ್ಮದೊಂದು ಬಣ ಕಟ್ಟಿಕೊಂಡರು. ಶ್ರೀಲಂಕಾ ಮೂಲದ ಜಾರ್ಜ್ ಬ್ರೇನ್ ಅದರ ಮುಂದಾಳುಗಳಲ್ಲಿ ಒಬ್ಬರು. ೨೦೦೬ರಲ್ಲಿ ಸಂಘವು ಇನ್ನೂ ಸ್ಪಷ್ಟವಾದ ಮಾತಿನಲ್ಲಿ ಭೇದವನ್ನು ವಿರೋಧಿಸಿತು. ಜಾಹೀರಾತುಗಳಲ್ಲಿ ಮಾತೃಭಾಷೆಯ ಷರತ್ತು ಹಾಕುವುದು ಸಮುದಾಯದ ಕಾನೂನಿಗೆ ಒಪ್ಪದೆಂದು ಯುರೋಪಿನ ಆಯೋಗವು ೨೦೦೨ರಲ್ಲಿ ತನ್ನ ಪಾರ್ಲಿಮೆಂಟಿಗೆ ಉತ್ತರ ಕೊಟ್ಟಿತು. ಒಬ್ಬೊಬ್ಬರೇ ಅರ್ಜಿ ಹಾಕಿ ಅತ್ತಾಗ ಆಗದ್ದು ಸಂಘ ಕಟ್ಟಿದಾಗ ಆಗತೊಡಗಿತು. ಇದು ಮಿಲ್ಲಿನವರಿಗೆ ಹೊಸ ಪಾಠವಲ್ಲ.

ನಮ್ಮ ಬೇಡಿಕೆ ಸರಳ. ಸರ್ಕಾರವು ಯಾವ ದೇಶದೊಡನೆ ವ್ಯಾಪಾರದ ಒಪ್ಪಂದ ಮಾಡಿಕೊಂಡರೂ ಅದರಲ್ಲಿ ಉಪಾಧ್ಯಾಯರ ಮಾತು ಬರಲಿ. ಎಲ್ಲ ದೇಶದವರಿಗೂ ಒಂದೇ ಪರೀಕ್ಷೆ, ಗೆದ್ದವರಿಗೆ ಒಂದೇ ಹುದ್ದೆ, ಒಂದೇ ದುಡಿಮೆಗೆ ಒಂದೇ ಸಂಬಳ ಎಂಬ ಷರತ್ತನ್ನು ಬರೆಸಲಿ. ಉಕ್ಕು, ಮೋಟಾರುಗಳ ಸುಂಕಕ್ಕೆ ಹಟ ಹಿಡಿಯುವ ಅಧಿಕಾರಿಗಳು ವಿದ್ಯೆಯ ದುಡಿಮೆಗೂ ಅಷ್ಟೇ ಹಟ ಹಿಡಿಯಲಿ.

ಆದರೆ ಈ ಮಾತನ್ನು ಹೊರಗಿನವರಿಗೆ ಹೇಳುವ ಹಕ್ಕು ನಮಗೆ ಬರಬೇಕಾದರೆ ನಮ್ಮ ಮನೆಯೂ ಚೊಕ್ಕಟವಾಗಿರಬೇಕು. ಹಳ್ಳಿಯ ಉಪಾಧ್ಯಾಯನ ಇಂಗ್ಲೀಷು ಕೇಳಿ ನಗುವ ನಮ್ಮ ಪಟ್ಟಣದ ಶಾಲಾ ಮಂಡಳಿಗಳಿವೆ. ಉಚ್ಚಾರದಲ್ಲಿ ಊರಿನ ಮಣ್ಣಿನ ವಾಸನೆ ಬಂದಿತೆಂದು ಬಡವರ ಮಗಳನ್ನು ಸಂದರ್ಶನದಿಂದ ಎಬ್ಬಿಸಿ ಕಳಿಸಿದವರು ನಮ್ಮ ನಡುವೆಯೇ ಇದ್ದಾರೆ. ಒಂದೇ ಕಾಲೇಜಿನಲ್ಲಿ ಖಾಯಂ ಅಧ್ಯಾಪಕರಿಗೂ ಅತಿಥಿ ಉಪನ್ಯಾಸಕರಿಗೂ ಆಕಾಶ ಪಾತಾಳದಷ್ಟು ಅಂತರದ ಸಂಬಳ ಕೊಡುವುದೂ ನಮ್ಮ ಸರ್ಕಾರವೇ. ಸೋಲ್ ನಗರದ ತೂಕವನ್ನು ತಿದ್ದಲು ಹೊರಟವರು ನಮ್ಮ ಊರಿನ ತಕ್ಕಡಿಯನ್ನೂ ಒಮ್ಮೆ ಎತ್ತಿ ನೋಡಬೇಕು.