ಒಂದೇ ತಂಡ, ಎರಡು ಬೆನ್ನು: ನಮ್ಮ ಮಕ್ಕಳ ತರಬೇತಿಗೆ ಯಾರ ಅಳತೆ?

2025ರ ಆಗಸ್ಟ್ 4ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಆರು ರನ್‌ಗಳಿಂದ ಗೆದ್ದಾಗ ನಮ್ಮವರ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ಮುಹಮ್ಮದ್ ಸಿರಾಜ್. ಐದು ಟೆಸ್ಟ್‌ಗಳನ್ನೂ ಆಡಿ, 185ಕ್ಕೂ ಹೆಚ್ಚು ಓವರ್ ಎಸೆದು, 23 ವಿಕೆಟ್ ಕಿತ್ತರು. ಅದೇ ಸರಣಿಯಲ್ಲಿ ಜಸ್‌ಪ್ರೀತ್ ಬುಮ್ರಾ ಆಡಿದ್ದು ಮೂರೇ ಟೆಸ್ಟ್. ಅಷ್ಟೇ ಆಡುವುದೆಂದು ಸರಣಿಗೆ ಮೊದಲೇ ಹೇಳಿಯೂ ಆಗಿತ್ತು. ಇಷ್ಟು ಸಾಕಲ್ಲ ನಮ್ಮ ಹುಡುಗರಿಗೆ. ಒಬ್ಬನಿಗೆ ದೇಶ ದೊಡ್ಡದು, ಇನ್ನೊಬ್ಬನಿಗೆ ದೇಹ ದೊಡ್ಡದು ಎಂಬಂಥ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು.

ಸಿರಾಜ್ ಮೇಲಿನ ಅಭಿಮಾನ ಸರಿ. ಆದರೆ ಹೋಲಿಕೆ ಸರಿಯಲ್ಲ. ಬುಮ್ರಾ ಅವರ ಬೆನ್ನಿನ ಮೂಳೆಯಲ್ಲಿ 2019ರಲ್ಲೇ ಬಿರುಕು ಕಂಡಿತ್ತು. 2022ರಲ್ಲಿ ಅದೇ ಬೆನ್ನು ಕೈಕೊಟ್ಟು ಟಿ20 ವಿಶ್ವಕಪ್ ತಪ್ಪಿತು. 2023ರ ಮಾರ್ಚ್‌ನಲ್ಲಿ ನ್ಯೂಝಿಲ್ಯಾಂಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಮೇಲೆ ಆಸ್ಟ್ರೇಲಿಯದಲ್ಲಿ ಒಂದೇ ಸರಣಿಯಲ್ಲಿ 150ಕ್ಕಿಂತ ಹೆಚ್ಚು ಓವರ್ ಎಸೆದು 32 ವಿಕೆಟ್ ಪಡೆದರು, 2025ರ ಜನವರಿಯಲ್ಲಿ ಸಿಡ್ನಿಯಲ್ಲಿ ಮತ್ತೆ ಬೆನ್ನು ಹಿಡಿಯಿತು. ಸಿರಾಜ್ ಬೆನ್ನಿಗೆ ಈ ಚರಿತ್ರೆ ಇಲ್ಲ. ಆದ್ದರಿಂದ ಒಂದೇ ತಂಡ, ಒಂದೇ ಕೋಚ್, ಆದರೂ ಇಬ್ಬರಿಗೆ ಎರಡು ಲೆಕ್ಕ. ವೈಯಕ್ತಿಕ ತರಬೇತಿ ಎಂದರೆ ಇದೇ. ಇವನ ದೇಹ ಎಷ್ಟು ಹೊರುತ್ತದೆ ಎಂದು ಅಳೆದು ಅಷ್ಟೇ ಹೊರಿಸುವುದು.

ಈ ಲೆಕ್ಕ ದೊಡ್ಡ ಆಟಗಾರರಿಗೆ ಮಾತ್ರ, ನಮ್ಮ ಮಕ್ಕಳಿಗೆ ಎಂತಕ್ಕೆ ಎಂದು ಕೇಳುವವರಿದ್ದಾರೆ. ನಾವು ಹೇಳುವುದು, ನಮ್ಮ ಮಕ್ಕಳಿಗೇ ಹೆಚ್ಚು ಬೇಕು. ಬುಮ್ರಾ ಹಿಂದೆ ವೈದ್ಯರಿದ್ದಾರೆ, ಫಿಝಿಯೋ ಇದ್ದಾರೆ, ಬೆಂಗಳೂರಿನಲ್ಲಿ ಕ್ರಿಕೆಟ್ ಮಂಡಳಿಯ ದೊಡ್ಡ ಕೇಂದ್ರವೇ ಉಂಟು. ನಮ್ಮ ಹುಡುಗನ ಹಿಂದೆ ಇರುವುದು ಅವನ ಉಮ್ಮ ಮಾತ್ರ.

ಈಗ ಕರಾವಳಿಯ ಪೇಟೆ ಪೇಟೆಯಲ್ಲಿ ಟರ್ಫ್ ಬಂದಿದೆ, ಅದರ ಬೆನ್ನಿಗೆ ಅಕಾಡಮಿಗಳೂ ಬಂದಿವೆ. ಫೀಸು ಕೊಡಲು ಗಲ್ಫಿನಲ್ಲಿರುವ ಅಪ್ಪ ಹಿಂದೆಮುಂದೆ ನೋಡುವುದಿಲ್ಲ. ‘ಪರ್ಸನಲ್ ಕೋಚಿಂಗ್’ ಎಂಬ ಬೋರ್ಡ್ ಇರುತ್ತದೆ, ಒಳಗೆ ಹೋದರೆ ಮೂವತ್ತು ಮಕ್ಕಳಿಗೆ ಒಂದೇ ಸುತ್ತು ಓಟ, ಒಂದೇ ಲೆಕ್ಕದ ಬಸ್ಕಿ. ಫೀಸು ಒಬ್ಬೊಬ್ಬರದು ಬೇರೆ ಬೇರೆಯಾಗಿ ತೆಗೆದುಕೊಂಡ ಮಾತ್ರಕ್ಕೆ ತರಬೇತಿ ವೈಯಕ್ತಿಕ ಆಗುವುದಿಲ್ಲ. ಎಲ್ಲರೂ ಹೀಗೆ ಎನ್ನುವುದಿಲ್ಲ, ಮಕ್ಕಳ ಹೆಸರು ಹೇಳಿ ಅವರ ಕಾಲುನೋವು ನೆನಪಿಟ್ಟುಕೊಳ್ಳುವ ಒಳ್ಳೆಯ ಕೋಚುಗಳೂ ಇದ್ದಾರೆ.

ಮದ್ರಸದ ಒಂದೇ ತರಗತಿಯಲ್ಲಿ ಸಾಲಾಗಿ ನಿಂತ ಹದಿಮೂರು ವರ್ಷದ ಮಕ್ಕಳನ್ನು ನೋಡಿದರೆ ಸಾಕು. ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವ ಇನ್ನೂ ಮಗು. ಹುಟ್ಟಿದ ವರ್ಷ ಒಂದೇ, ದೇಹದ ವಯಸ್ಸಿನಲ್ಲಿ ಎರಡು ಮೂರು ವರ್ಷದ ಅಂತರ. ದೊಡ್ಡವನ ಅಳತೆಯ ತರಬೇತಿ ಚಿಕ್ಕವನ ಮೇಲೆ ಬಿದ್ದರೆ ಅವನು ಸೋಲುತ್ತಾನೆ, ‘ನನಗೆ ಆಟ ಆಗುವುದಿಲ್ಲ’ ಎಂದು ಬಿಟ್ಟೇ ಬಿಡುತ್ತಾನೆ. ಹುಡುಗ ಒಮ್ಮೆಲೆ ಎತ್ತರವಾಗುವ ತಿಂಗಳುಗಳಲ್ಲಂತೂ ಜಾಗ್ರತೆ ಬೇಕು. ಮೂಳೆ ಬೇಗ ಬೆಳೆಯುತ್ತದೆ, ಅದಕ್ಕೆ ಅಂಟಿದ ಸ್ನಾಯು ಎಳೆಯುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬಿ, ಮೆಟ್ಟಿಲು ಹತ್ತುವಾಗ ನೋವಾಗುತ್ತದೆ. ವೈದ್ಯರು ಇದಕ್ಕೆ ಆಸ್ಗುಡ್-ಶ್ಲಾಟರ್ ಎನ್ನುತ್ತಾರೆ. ಬೆಳವಣಿಗೆ ನಿಂತ ಮೇಲೆ ಹೆಚ್ಚಾಗಿ ಗುಣವಾಗುತ್ತದೆ ಎಂಬುದು ನಿಜ. ಆದರೆ ಆ ಸಮಯದಲ್ಲಿ ಜಿಗಿತ, ಓಟ ಕಡಿಮೆ ಮಾಡಬೇಕು. ನಮ್ಮಲ್ಲಿ ಏನಾಗುತ್ತದೆ? ‘ಎಣ್ಣೆ ಹಚ್ಚು, ನಾಳೆ ಫೈನಲ್ ಉಂಟು’ ಎನ್ನುತ್ತೇವೆ. ಮೂರು ತಿಂಗಳಿಗೊಮ್ಮೆ ಮಗನ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಈ ಸಮಯ ಯಾವಾಗ ಬಂತು ಎಂದು ಗೊತ್ತಾಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ.

ಇನ್ನೊಂದು ಲೆಕ್ಕವೂ ಅಷ್ಟೇ ಸುಲಭ. ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದದ್ದು. ಆಟ ಮುಗಿದ ಮೇಲೆ ಮಗನನ್ನು ಕೇಳಿ: ಹತ್ತರಲ್ಲಿ ಎಷ್ಟು ಕಷ್ಟವಾಯಿತು? ಅವನು ಹೇಳಿದ ಅಂಕಿಯನ್ನು ಆಡಿದ ನಿಮಿಷಗಳಿಂದ ಗುಣಿಸಿ. ಶಾಲೆಯ ತಂಡದಲ್ಲಿ 60 ನಿಮಿಷ, ಕಷ್ಟ 5. ಅಲ್ಲಿಗೆ 300. ಸಂಜೆ ಅಕಾಡಮಿಯಲ್ಲಿ 90 ನಿಮಿಷ, ಕಷ್ಟ 7. ಅದು 630. ರಾತ್ರಿ ಹೊನಲು ಬೆಳಕಿನ ಪಂದ್ಯಾಟದಲ್ಲಿ 120 ನಿಮಿಷ, ಕಷ್ಟ 8. ಅದು 960. ಒಂದೇ ದಿನಕ್ಕೆ 1,890! ಪಿ.ಟಿ. ಮಾಸ್ಟರಿಗೆ ಗೊತ್ತಿರುವುದು 300 ಮಾತ್ರ. ಅಕಾಡಮಿಯ ಕೋಚಿಗೆ 630 ಮಾತ್ರ. ಕ್ಲಬ್ಬಿನ ಕ್ಯಾಪ್ಟನಿಗೆ 960 ಮಾತ್ರ. ಮೂವರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದಾರೆ, ಆದರೆ ಕೂಡಿಸಿ ನೋಡುವವರು ಯಾರೂ ಇಲ್ಲ. ವಾರದ ಮೊತ್ತ ಹಿಂದಿನ ವಾರಗಳಿಗಿಂತ ಒಮ್ಮೆಲೆ ಏರಿದಾಗಲೇ ಗಾಯದ ಭಯ ಹೆಚ್ಚು. ಬ್ಯಾಟು, ಬೂಟಿಗೆ ಖರ್ಚು ಮಾಡುವ ಮನೆಯವರು ಹತ್ತು ರೂಪಾಯಿಯ ಒಂದು ಪುಸ್ತಕದಲ್ಲಿ ಇದನ್ನು ಬರೆದಿಡಬಹುದಲ್ಲ?

ಆ 1,890ರ ಹುಡುಗ ಮರುದಿನ ಬೆಳಗ್ಗೆ ಮದ್ರಸದ ಬೆಂಚಿನ ಮೇಲೆ ತೂಗುತ್ತಿರುತ್ತಾನೆ. ಇದನ್ನು ನಾವು ದಿನಾ ನೋಡುತ್ತೇವೆ. ಪಾಠಕ್ಕೆ ತೊಂದರೆಯಾಗುತ್ತದೆ ಎಂಬ ದೂರು ಬದಿಗಿರಲಿ, ಆಟಕ್ಕೇ ತೊಂದರೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ದಣಿದ ಸ್ನಾಯು ಸರಿಯಾಗುವುದು ಆ ಹೊತ್ತಿನಲ್ಲಿ.

ಜಿಮ್ಮಿಗೆ ಹೋಗುವ ಹದಿನೇಳರ ಹುಡುಗರ ಡಬ್ಬಿಗಳ ಕತೆ ಬೇರೆ. ರೀಲ್ಸ್ ನೋಡಿ ಇನ್ನೊಬ್ಬನ ತೂಕ ಎತ್ತುವುದು, ಇನ್ನೊಬ್ಬನ ಪುಡಿ ಕುಡಿಯುವುದು. ದೇಹ ಬೆಳೆಸಲು ಪ್ರೊಟೀನ್ ಪುಡಿ ಬೇಡ ಎಂದು ಐಸಿಎಂಆರ್‌ನ ಪೌಷ್ಟಿಕ ಆಹಾರ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೂತಾಯಿ, ಮೊಟ್ಟೆ, ಹೆಸರು, ಕಡಲೆ ತಿನ್ನುವ ನಮ್ಮ ಊರಿನಲ್ಲಿ ಪುಡಿಯ ಕೊರತೆಯೇನೂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ, ಡಬ್ಬಿಯಲ್ಲಿ ಏನು ಬೆರೆತಿದೆ ಎಂದು ಗೊತ್ತಿಲ್ಲದಿರುವುದು. 2024ರಲ್ಲಿ ಭಾರತದ ಕ್ರೀಡಾಪಟುಗಳ 7,113 ಮಾದರಿಗಳನ್ನು ಪರೀಕ್ಷಿಸಿದಾಗ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ನಾವೇ ಮುಂದೆ. ನಾಳೆ ರಾಜ್ಯ ಮಟ್ಟಕ್ಕೆ ಹೋಗುವ ಹುಡುಗ ಸ್ನೇಹಿತ ಕೊಟ್ಟ ಪುಡಿಗೆ ತನ್ನ ಭವಿಷ್ಯ ಕಳೆದುಕೊಂಡರೆ ಹೊಣೆ ಯಾರು?

ರಮಝಾನ್‌ನಲ್ಲಿ ಆಡಬಹುದೇ ಎಂದು ಹುಡುಗರು ನಮ್ಮಲ್ಲಿ ಕೇಳುತ್ತಾರೆ. ಜಗತ್ತು ಇದಕ್ಕೆ ದಾರಿ ಕಂಡುಕೊಂಡಿದೆ. 2021ರ ಎಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಪಂದ್ಯವನ್ನು ನಡುವೆ ಒಂದು ಕ್ಷಣ ನಿಲ್ಲಿಸಿ ಇಬ್ಬರು ಆಟಗಾರರಿಗೆ ಉಪವಾಸ ಬಿಡಲು ಅವಕಾಶ ಕೊಟ್ಟರು. ಲಿವರ್‌ಪೂಲ್ ತಂಡ ಉಪವಾಸಿಗರಿಗಾಗಿ ಅಭ್ಯಾಸದ ಹೊತ್ತನ್ನೇ ಬೆಳಗ್ಗೆಗೆ ಬದಲಿಸಿತ್ತು. ಇನ್ನು 2025ರ ಮಾರ್ಚ್‌ನಲ್ಲಿ ದುಬೈಯ ಸೆಮಿಫೈನಲ್‌ನಲ್ಲಿ ಮುಹಮ್ಮದ್ ಶಮಿ ನೀರಡಿಕೆಗೆ ಪಾನೀಯ ಕುಡಿದದ್ದಕ್ಕೆ ಎಷ್ಟೊಂದು ಗದ್ದಲವಾಯಿತು! ಪ್ರಯಾಣಿಕನಿಗೆ ಇರುವ ರಿಯಾಯಿತಿ ಆ ಗದ್ದಲದಲ್ಲಿ ಹಲವರಿಗೆ ನೆನಪಾಗಲಿಲ್ಲ. ಊರಲ್ಲೇ ಇದ್ದು ನೋಂಬು ಹಿಡಿಯುವ ನಮ್ಮ ಮಕ್ಕಳಿಗೆ ಮಗ್ರಿಬ್‌ಗೆ ಮೊದಲು ಹಗುರ ಅಭ್ಯಾಸ ಸಾಕು, ಭಾರದ ಅಭ್ಯಾಸ ಇದ್ದರೆ ಇಫ್ತಾರ್ ಆಗಿ ಊಟ ಕರಗಿದ ಮೇಲೆ. ತರಾವೀಹ್ ಮುಗಿಸಿ ಅತ್ತಾಳದವರೆಗೆ ಪಂದ್ಯಾಟ ಇಡುವುದು ಮಾತ್ರ ಆಟವೂ ಅಲ್ಲ, ಆರೋಗ್ಯವೂ ಅಲ್ಲ.

ಇಷ್ಟು ಹೊತ್ತು ಗಂಡುಮಕ್ಕಳ ಮಾತೇ ಆಯಿತು. ಅವರವರ ದೇಹಕ್ಕೆ ತಕ್ಕ ತರಬೇತಿ ಎಂಬ ಮಾತು ಅತ್ಯಂತ ಅಗತ್ಯವಾಗಿ ಬೇಕಾದದ್ದು ಹೆಣ್ಣುಮಕ್ಕಳಿಗೆ. ನಿಝಾಮಾಬಾದಿನ ನಿಖತ್ ಝರೀನ್ ಅವರಿಗೆ ಮೊದಲು ಆಟ ಕಲಿಸಿದ್ದು ಅವರ ತಂದೆಯೇ. 2022 ಮತ್ತು 2023ರಲ್ಲಿ ಅವರು ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ತಲೆವಸ್ತ್ರ ಧರಿಸಿ ಆಡಲು ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲಿ ಅನುಮತಿ ಕೊಟ್ಟಿವೆ. ನಿಯಮದ ಬಾಗಿಲು ತೆರೆದಿದೆ, ಮನೆಯ ಬಾಗಿಲು ಇನ್ನೂ ಅರ್ಧ. ಕರ್ನಾಟಕದಲ್ಲಿ ಹರೆಯದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥ ಹುಡುಗಿ ಎರಡು ಸುತ್ತಿಗೆ ಸುಸ್ತಾದರೆ ‘ಸೋಮಾರಿ’ ಎನ್ನುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬೇಕು. ಓಡುತ್ತಾ ಒಮ್ಮೆಲೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯವೂ ಹುಡುಗಿಯರಿಗೇ ಹೆಚ್ಚು. ಇಂಥ ಗಾಯಗಳನ್ನು ತಗ್ಗಿಸಲು ಫಿಫಾ ‘ಇಲೆವೆನ್ ಪ್ಲಸ್’ ಎಂಬ ವ್ಯಾಯಾಮಗಳ ಸರಣಿಯನ್ನು ಉಚಿತವಾಗಿ ಕೊಟ್ಟಿದೆ. ಸುಮಾರು ಇಪ್ಪತ್ತು ನಿಮಿಷ, ಸಲಕರಣೆಯ ಖರ್ಚು ಇಲ್ಲ. ನಮ್ಮ ಜಮಾಅತುಗಳ ಆಡಳಿತದಲ್ಲಿರುವ ಶಾಲೆಗಳ ಅಂಗಳಕ್ಕೆ ಸಂಜೆ ಬೀಗ ಬೀಳುತ್ತದೆ. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಆ ಬೀಗ ತೆಗೆದು, ಒಬ್ಬರು ಮಹಿಳಾ ಪಿ.ಟಿ. ಟೀಚರನ್ನು ಇಟ್ಟರೆ ಹೆಣ್ಣುಮಕ್ಕಳು ಇದನ್ನು ಅಲ್ಲಿಯೇ ಮಾಡಬಹುದು. ಮುಂದಿನ ಆಡಳಿತ ಸಮಿತಿ ಸಭೆಯ ಅಜೆಂಡಾದಲ್ಲಿ ಈ ಒಂದು ಸಾಲು ಸೇರಿಸಲು ಪೋಷಕರು ಕೇಳಬಹುದು.