ಖಾಲಿ ಮಳಿಗೆಯ ಲೆಕ್ಕ ಕೊಡಲಿ

ನ್ಯೂಯಾರ್ಕ್‌ನ ಬ್ಲೀಕರ್ ಬೀದಿಗೆ ಮಾರ್ಕ್ ಜೇಕಬ್ಸ್‌ನಂಥ ದುಬಾರಿ ಬ್ರ್ಯಾಂಡ್‌ಗಳು ಬಂದವು. ಬಾಡಿಗೆ ಗಗನಕ್ಕೇರಿತು, ಹಳೆಯ ಪುಟ್ಟ ಅಂಗಡಿಗಳು ಜಾಗ ಬಿಟ್ಟವು. ಆಮೇಲೆ ಬ್ರ್ಯಾಂಡ್‌ಗಳೂ ಗಂಟುಮೂಟೆ ಕಟ್ಟಿದವು. 2017ರ ಹೊತ್ತಿಗೆ ಸಿರಿವಂತರ ಆ ಬೀದಿಯಲ್ಲಿ ಮುಚ್ಚಿದ ಬಾಗಿಲುಗಳೇ ಸುದ್ದಿ.

ಬಾಡಿಗೆ ತಗ್ಗಿಸುವುದಕ್ಕಿಂತ ಬೀಗ ಹಾಕಿಡುವುದೇ ಲೇಸು ಎನ್ನುವ ಮಾಲೀಕರಿಗೆ ಅವರದೇ ಲೆಕ್ಕಾಚಾರವಿದೆ. ಅಲ್ಲಿ ಅಂಗಡಿ ಕರಾರು ಹತ್ತು ವರ್ಷದ್ದಾಗಿರುವುದು ಸಾಮಾನ್ಯ. ಇಂದು ಕಡಿಮೆಗೆ ಒಪ್ಪಿದರೆ ಅಷ್ಟೂ ಕಾಲ ಕೈ ಕಟ್ಟಿಹೋಗುತ್ತದೆ. ಬಾಡಿಗೆ ಇಳಿದರೆ ಕಟ್ಟಡದ ಬೆಲೆಯೂ ಇಳಿಯುತ್ತದೆ, ಸಾಲ ಕೊಟ್ಟ ಬ್ಯಾಂಕು ತಕರಾರು ತೆಗೆಯಬಹುದು. ಆದರೆ ಗಿರಾಕಿ ಸುಳಿಯದ ಬೀದಿಯ ನಷ್ಟ ಹೊರುವವರು ಪಕ್ಕದ ಅಂಗಡಿಯವರು.

ಮೇಯರ್ ಬಿಲ್ ಡಿ ಬ್ಲಾಸಿಯೊ 2018ರಲ್ಲಿ ಇಂಥ ಮಳಿಗೆಗೆ ತೆರಿಗೆ ಹಾಕುವ ಮಾತೆತ್ತಿದರು. ಅದಕ್ಕೆ ರಾಜ್ಯ ಶಾಸಕಾಂಗದ ಒಪ್ಪಿಗೆ ಬೇಕಿತ್ತು, ಸಿಗಲಿಲ್ಲ. ನಗರಸಭೆ ಮರುವರ್ಷ ತನ್ನ ಕೈಲಾದದ್ದನ್ನು ಮಾಡಿತು. 2019ರ 157ನೇ ಸ್ಥಳೀಯ ಕಾನೂನಿನ ಪ್ರಕಾರ ನೆಲಮಹಡಿ ಮತ್ತು ಅದರ ಮೇಲಿನ ಮಹಡಿಯ ಮಳಿಗೆಗಳ ಮಾಲೀಕರು, ಬಾಡಿಗೆದಾರರಿರಲಿ ಇಲ್ಲದಿರಲಿ, ಪ್ರತಿವರ್ಷ ಹಣಕಾಸು ಇಲಾಖೆಗೆ ವರದಿ ಸಲ್ಲಿಸಬೇಕು. ಯಾವ ವಿಳಾಸ ಖಾಲಿ ಎಂಬುದು ಜಾಲತಾಣದಲ್ಲಿ ಬಹಿರಂಗ; ಬಾಡಿಗೆಯ ಅಂಕಿ ಮಾತ್ರ ಪ್ರದೇಶವಾರು ಒಟ್ಟುಗೂಡಿಸಿ ಪ್ರಕಟವಾಗುತ್ತದೆ. ವ್ಯಾಪಾರದ ಗುಟ್ಟು ರಟ್ಟಾಗುತ್ತದೆ ಎಂಬ ಆಕ್ಷೇಪಕ್ಕೆ ಇಷ್ಟು ಉತ್ತರ ಸಾಕು.

ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಮುಂದೆ ಹೋಯಿತು. 2020ರ ಮಾರ್ಚ್‌ನಲ್ಲಿ ಮತದಾರರೇ ತೆರಿಗೆಗೆ ಸೈ ಎಂದರು. ಕೊರೊನಾದಿಂದಾಗಿ ಜಾರಿ 2022ಕ್ಕೆ ಹೋಯಿತು. ಗೊತ್ತುಪಡಿಸಿದ ವಾಣಿಜ್ಯ ಬೀದಿಗಳಲ್ಲಿ ನೆಲಮಹಡಿಯ ಮಳಿಗೆ ವರ್ಷಕ್ಕೆ 182 ದಿನ ಮೀರಿ ಖಾಲಿಯಿದ್ದರೆ ಮುಂಭಾಗದ ಅಡಿಯೊಂದಕ್ಕೆ 250 ಡಾಲರ್, ಎರಡನೇ ವರ್ಷ 500, ಮೂರನೆಯದಕ್ಕೆ 1,000. ಅಂದರೆ 25 ಅಡಿಯ ಅಂಗಡಿಗೆ ಮೂರನೇ ವರ್ಷ 25,000 ಡಾಲರ್! ದೊಡ್ಡ ಕಂಪನಿ ತಡೆದುಕೊಂಡೀತು. ಬಾಡಿಗೆದಾರರೇ ಸಿಗದೆ ಕಾದಿರುವ ಒಂಟಿ ಮಳಿಗೆಯ ಮಾಲೀಕನಿಗೆ ಅದು ಭಾರವೇ. ಬೇಕೆಂದೇ ಬೀಗ ಹಾಕಿದವರು ಯಾರು, ಗತಿಯಿಲ್ಲದೆ ಕಾಯುತ್ತಿರುವವರು ಯಾರು ಎಂದು ತಿಳಿಯಲು ಮೊದಲು ಮಾಹಿತಿ ಬೇಕು. ಈ ದೃಷ್ಟಿಯಿಂದ ನ್ಯೂಯಾರ್ಕ್‌ನ ದಾರಿಯೇ ವಾಸಿ.

ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಸ್ವಯಂ ಘೋಷಣೆ ಬಂದು ಎರಡು ದಶಕ ದಾಟಿದೆ. ಸ್ವಂತಕ್ಕೋ ಬಾಡಿಗೆಗೋ ಎಂದು ಮಾಲೀಕರು ಬರೆದುಕೊಡುತ್ತಲೇ ಬಂದಿದ್ದಾರೆ. ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳು ವಾಣಿಜ್ಯ ಮಳಿಗೆ ಎಂದಿನಿಂದ ಖಾಲಿ ಎಂಬುದನ್ನೂ ಕೇಳಿ, ಉತ್ತರವನ್ನು ವಾರ್ಡ್‌ವಾರು ಪ್ರಕಟಿಸಲಿ. ತೆರಿಗೆಯ ಮಾತು ಆಮೇಲೆ.